ಗುದ್ದಲಿ ಬೀಳುವ ಮುನ್ನ

2023ನೇ ಇಸವಿಯನ್ನು ನಾವು ಚಂದ್ರಯಾನ 3 ಚಂದ್ರನ ಮೇಲೆ ಇಳಿದ ಆಗಸ್ಟ್ 23ರ ಸಂಜೆಗಾಗಿ ನೆನಪಿಟ್ಟುಕೊಂಡಿದ್ದೇವೆ. ಪೀಣ್ಯದ ಇಸ್ಟ್ರ್ಯಾಕ್ ನಿಯಂತ್ರಣ ಕೊಠಡಿಯಲ್ಲಿ ಎದ್ದ ಚಪ್ಪಾಳೆ ನಾಡಿನ ಶಾಲೆಗಳಲ್ಲಿ, ಹೋಟೆಲುಗಳಲ್ಲಿ, ಮನೆಮನೆಯ ಟೀವಿ ಮುಂದೆ ಮಾರ್ದನಿಸಿತು. ನೆನಪಿಡಬೇಕಾದ ಸಂಜೆಯೇ, ಅನುಮಾನವಿಲ್ಲ. ಆದರೆ ಅದೇ ವರ್ಷ ಅದಕ್ಕೂ ಮೊದಲು ಇನ್ನೆರಡು ಸಂಗತಿಗಳು ನಡೆದಿದ್ದವು. ಅವಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಬೀದಿಗಿಳಿದು ಕೂಗಲೂ ಇಲ್ಲ. ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಭಾರತೀಯ ಬಾಹ್ಯಾಕಾಶ ನೀತಿಯನ್ನು ಹೊರತಂದಿತು. ಜೂನ್ 21ರಂದು ವಾಷಿಂಗ್ಟನ್ನಿನಲ್ಲಿ ಭಾರತ, ಚಂದ್ರನ ಅನ್ವೇಷಣೆಯ ನಿಯಮಗಳ ಕುರಿತ ಅಮೆರಿಕ ನೇತೃತ್ವದ ಆರ್ಟೆಮಿಸ್ ಒಪ್ಪಂದಕ್ಕೆ ಸಹಿ ಹಾಕಿ ಅದರ 27ನೇ ಸದಸ್ಯ ದೇಶವಾಯಿತು.

ಬಾಹ್ಯಾಕಾಶ ನೀತಿಯಲ್ಲಿ ಒಂದು ವಾಕ್ಯವಿದೆ. ಕ್ಷುದ್ರಗ್ರಹದಿಂದಲೋ ಬಾಹ್ಯಾಕಾಶದ ಬೇರೆಲ್ಲಿಂದಲೋ ಸಂಪನ್ಮೂಲವನ್ನು ಹೊರತೆಗೆಯುವ ಖಾಸಗಿ ಸಂಸ್ಥೆಗೆ ಅದನ್ನು ಇಟ್ಟುಕೊಳ್ಳುವ, ಸ್ವಂತ ಮಾಡಿಕೊಳ್ಳುವ, ಸಾಗಿಸುವ, ಬಳಸುವ ಮತ್ತು ಮಾರುವ ಹಕ್ಕಿರುತ್ತದೆ ಎನ್ನುತ್ತದೆ ಅದು. ಹಕ್ಕುಗಳು ಐದು. ಕರ್ತವ್ಯದ ಕಡೆಗೆ ಇರುವುದು ಒಂದೇ ತುಣುಕು: ಅನ್ವಯವಾಗುವ ಕಾನೂನು ಮತ್ತು ದೇಶದ ಅಂತರರಾಷ್ಟ್ರೀಯ ಬಾಧ್ಯತೆಗಳಿಗೆ ಒಳಪಟ್ಟು. ಹಾಗಾದರೆ ಆ ಅನ್ವಯವಾಗುವ ಕಾನೂನು ಎಲ್ಲಿದೆ? ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡನ್ನು 2017ರ ನವೆಂಬರ್‌ನಲ್ಲಿ ಜನಾಭಿಪ್ರಾಯಕ್ಕೆಂದು ಬಿಡುಗಡೆ ಮಾಡಿದ್ದರು. ಅದು ಇನ್ನೂ ಕಾಯ್ದೆಯಾಗಿಲ್ಲ. ರಾಕೆಟ್ಟುಗಳನ್ನು ಹಾರಿಸುವ, ಚಂದ್ರನ ಮೇಲೆ ಇಳಿಯುವ, 2024ರಲ್ಲಿ ವಿದೇಶಿ ಬಂಡವಾಳಕ್ಕೂ ಈ ಕ್ಷೇತ್ರದ ಬಾಗಿಲು ತೆರೆದಿಟ್ಟ ದೇಶಕ್ಕೆ ಬಾಹ್ಯಾಕಾಶದ ಕುರಿತು ಸಂಸತ್ತು ಒಪ್ಪಿದ ಒಂದು ಕಾಯ್ದೆಯೂ ಇಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಆ ಐದು ಹಕ್ಕುಗಳ ವಾಕ್ಯ ನಮ್ಮದಲ್ಲ. 2015ರ ನವೆಂಬರ್ 25ರಂದು ಅಧ್ಯಕ್ಷ ಒಬಾಮಾ ಅಂಕಿತ ಹಾಕಿದ ಅಮೆರಿಕದ ಕಾಯ್ದೆಯಲ್ಲಿ ಅದೇ ಐದು ಹಕ್ಕುಗಳು ಅದೇ ಕ್ರಮದಲ್ಲಿ ಕೂತಿವೆ. ಅಮೆರಿಕ ತನ್ನ ಪ್ರಜೆಗೆ ಬರೆದುಕೊಟ್ಟದ್ದನ್ನು ನಾವು ನಮ್ಮ ಕಂಪನಿಗಳಿಗೆ ಬರೆದುಕೊಟ್ಟಿದ್ದೇವೆ. ಲಕ್ಸೆಂಬರ್ಗ್ 2017ರಲ್ಲಿ, ಸಂಯುಕ್ತ ಅರಬ್ ಎಮಿರೇಟ್ಸ್ 2019ರಲ್ಲಿ, ಜಪಾನ್ 2021ರಲ್ಲಿ ಇದೇ ಜಾಡಿನ ಕಾಯ್ದೆಗಳನ್ನು ಮಾಡಿದವು. ಅವು ಕಾಯ್ದೆಯನ್ನಾದರೂ ಮಾಡಿದವು. ನಾವು ಹಕ್ಕಿನ ಭಾಗವನ್ನು ನಕಲು ಮಾಡಿಕೊಂಡು ಉಳಿದದ್ದನ್ನು ನಾಳೆಗೆಂದು ಬಿಟ್ಟೆವು.

ಇದಕ್ಕೆಲ್ಲ ಮೊದಲಿನ ಮಾತು ಬೇರೆಯಿತ್ತು. 1967ರ ಬಾಹ್ಯಾಕಾಶ ಒಡಂಬಡಿಕೆಯ ಮೊದಲ ವಿಧಿ ಬಾಹ್ಯಾಕಾಶದ ಬಳಕೆ ಎಲ್ಲ ದೇಶಗಳ ಹಿತಕ್ಕಾಗಿ ಎಂದಿತು. ಎರಡನೆಯ ವಿಧಿ ಇನ್ನೂ ಖಡಾಖಂಡಿತ: ಚಂದ್ರನನ್ನಾಗಲಿ ಬೇರೆ ಆಕಾಶಕಾಯವನ್ನಾಗಲಿ ಯಾವ ದೇಶವೂ ಸಾರ್ವಭೌಮತ್ವದ ಹೆಸರಲ್ಲಿ, ಬಳಕೆಯಿಂದ, ವಾಸದಿಂದ ಅಥವಾ ಬೇರಾವ ದಾರಿಯಿಂದಲೂ ತನ್ನದೆನ್ನುವಂತಿಲ್ಲ. ಶೀತಲ ಸಮರದ ಉರಿಯಲ್ಲಿ ಒಬ್ಬರನ್ನೊಬ್ಬರು ಸುಡಲು ಸಜ್ಜಾಗಿದ್ದ ಎರಡು ಮಹಾಶಕ್ತಿಗಳು ಇಷ್ಟನ್ನು ಒಪ್ಪಿದ್ದವು ಎಂಬುದು ಇಂದು ನಂಬಲು ಕಷ್ಟ. 1979ರ ಚಂದ್ರ ಒಪ್ಪಂದ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಚಂದ್ರನ ಸಂಪತ್ತು ಮನುಕುಲದ ಸಮಾನ ಸ್ವತ್ತು, ಅದನ್ನು ತೆಗೆಯುವ ಕಾಲ ಬಂದಾಗ ಎಲ್ಲರೂ ಕೂತು ಒಂದು ವ್ಯವಸ್ಥೆ ಮಾಡಬೇಕು, ಲಾಭ ಹಂಚುವಾಗ ಹಿಂದುಳಿದ ದೇಶಗಳಿಗೆ ವಿಶೇಷ ಗಮನ ಕೊಡಬೇಕು ಎಂದಿತು. ಭಾರತ 1982ರಲ್ಲಿ ಅದಕ್ಕೆ ಸಹಿ ಹಾಕಿತು. ಅನುಮೋದನೆ ಮಾತ್ರ ಕೊಡಲಿಲ್ಲ. ದೊಡ್ಡ ಬಾಹ್ಯಾಕಾಶ ಶಕ್ತಿಗಳು ಅದರ ಹತ್ತಿರ ಸುಳಿಯಲಿಲ್ಲ. ಒಳಗಿದ್ದ ಸೌದಿ ಅರೇಬಿಯಾ ಕೂಡ 2024ರ ಜನವರಿಗೆ ಹೊರನಡೆಯಿತು. ನಾವು ಸಹಿ ಹಾಕಿದ ಆ ಹಾಳೆ ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ದೆಹಲಿಯ ಯಾವುದೋ ಕಡತದಲ್ಲಿ ಮಲಗಿದೆ.

ಗಣಿಗಾರಿಕೆಯ ಪರ ವಕೀಲರ ವಾದ ಜಾಣತನದ್ದು. ಸಮುದ್ರ ಯಾರದ್ದೂ ಅಲ್ಲ, ಆದರೆ ಅದರಲ್ಲಿ ಹಿಡಿದ ಮೀನು ಹಿಡಿದವನದು. ಹಾಗೆಯೇ ಚಂದ್ರ ಯಾರದ್ದೂ ಅಲ್ಲ, ಅಲ್ಲಿಂದ ತೆಗೆದ ಅದಿರು ತೆಗೆದವನದು. ಆರ್ಟೆಮಿಸ್ ಒಪ್ಪಂದದ ಹತ್ತನೆಯ ಭಾಗ ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ಸಂಪನ್ಮೂಲ ತೆಗೆದ ಮಾತ್ರಕ್ಕೆ ಅದು ನೆಲದ ಕಬಳಿಕೆ ಆಗುವುದಿಲ್ಲ. ಕೇಳಲು ಸರಿಯೆನಿಸುತ್ತದೆ. ಆದರೆ ಮೀನು ಮರಿ ಹಾಕುತ್ತದೆ. ಚಂದ್ರನ ಧ್ರುವದ ಕುಳಿಗಳಲ್ಲಿ ಕೂತಿರುವ ಮಂಜುಗಡ್ಡೆ ಮರಿ ಹಾಕುವುದಿಲ್ಲ. ಅದರಲ್ಲಿ ಒಂದಷ್ಟು ಕೋಟ್ಯಂತರ ವರ್ಷಗಳಿಂದ ಅಲ್ಲಿ ಶೇಖರವಾದದ್ದು. ತೆಗೆದರೆ ತೆಗೆದದ್ದೇ. ಮೀನಿನ ವಿಷಯದಲ್ಲೂ ಕರಾವಳಿಯವರನ್ನು ಒಮ್ಮೆ ಕೇಳಿ ನೋಡಿ. ದೊಡ್ಡ ಟ್ರಾಲರುಗಳು ಬಂದ ಮೇಲೆ ನಾಡದೋಣಿಯವರಿಗೆ ಉಳಿದದ್ದೇನು, ಮುಂಗಾರಿನಲ್ಲಿ ಮೀನುಗಾರಿಕೆ ನಿಷೇಧ ಏಕೆ ಬೇಕಾಯಿತು ಎಂದು ಅವರು ಹೇಳುತ್ತಾರೆ.

ಆಕಾಶ ಅನಂತ, ಅಲ್ಲಿಯ ಸಂಪತ್ತೂ ಅನಂತ, ನಾಲ್ಕು ಕಂಪನಿ ಅಗೆದರೆ ಏನಾದೀತು ಎನ್ನುವವರು ಚಂದ್ರನ ನಕ್ಷೆಯನ್ನು ಒಮ್ಮೆ ನೋಡಬೇಕು. ಚಂದ್ರ ದೊಡ್ಡದು, ಬೇಕಾದ ಜಾಗ ಚಿಕ್ಕದು. ನೀರಿನ ಮಂಜು ಸಿಗುವುದು ಧ್ರುವಗಳ ಬಳಿಯ, ಬಿಸಿಲನ್ನೇ ಕಾಣದ ಕುಳಿಗಳ ತಳದಲ್ಲಿ. ಅಲ್ಲಿಯ ಚಳಿ ಕೆಲವೆಡೆ ಮೈನಸ್ 230 ಡಿಗ್ರಿಗೆ ಇಳಿಯುತ್ತದೆ. ಯಂತ್ರ ಓಡಿಸಲು ಸೌರವಿದ್ಯುತ್ ಬೇಕೆಂದರೆ ಅಂಥ ಕುಳಿಯ ಪಕ್ಕದಲ್ಲೇ ಬಿಸಿಲು ಬೀಳುವ ಎತ್ತರದ ದಿಬ್ಬ ಇರಬೇಕು. ವರ್ಷದ ಬಹುಪಾಲು ಬಿಸಿಲು ಬೀಳುವ ಅಂಥ ದಿಬ್ಬಗಳು ಬೆರಳೆಣಿಕೆಯಷ್ಟು. ದಕ್ಷಿಣ ಧ್ರುವದ ಶ್ಯಾಕಲ್ಟನ್ ಕುಳಿಯ ಸುತ್ತ ಎಲ್ಲರೂ ಸುಳಿದಾಡುತ್ತಿರುವುದು ಇದಕ್ಕಾಗಿಯೇ. ಅದರ ಅಗಲ 21 ಕಿಲೋಮೀಟರ್ ಅಷ್ಟೆ. ಅಮೆರಿಕದ ಬಳಗವೂ ಅಲ್ಲಿಗೇ, ಚೀನಾ ಮತ್ತು ರಷ್ಯಾ 2021ರಲ್ಲಿ ಘೋಷಿಸಿದ ಸಂಶೋಧನಾ ನೆಲೆಯ ಕಣ್ಣೂ ಅದೇ ದಿಕ್ಕಿಗೆ. ನೀರನ್ನು ಒಡೆದರೆ ಜಲಜನಕ ಮತ್ತು ಆಮ್ಲಜನಕ, ಎಂದರೆ ರಾಕೆಟ್ ಇಂಧನ. ಆ ದಿಬ್ಬ ಯಾರ ಕೈಯಲ್ಲಿದೆಯೋ ಮುಂದಿನ ಪಯಣದ ಪೆಟ್ರೋಲ್ ಬಂಕ್ ಅವನದು.

ಇನ್ನು ದೂಳಿನ ಸಂಗತಿ. 1969ರ ನವೆಂಬರಿನಲ್ಲಿ ಅಪೋಲೊ 12 ಚಂದ್ರನ ಮೇಲೆ ಇಳಿದದ್ದು, ಎರಡೂವರೆ ವರ್ಷ ಹಿಂದೆ ಇಳಿದಿದ್ದ ಸರ್ವೇಯರ್ 3 ನೌಕೆಯಿಂದ ನೂರೈವತ್ತು ಮೀಟರ್ ಆಚೀಚೆ ದೂರದಲ್ಲಿ. ಅದರ ಕೆಲವು ಭಾಗಗಳನ್ನು ಭೂಮಿಗೆ ತಂದು ನೋಡಿದರೆ, ಇಳಿಯುವ ಎಂಜಿನ್ ಎಬ್ಬಿಸಿದ ಮರಳು ಅದರ ಮೈಯನ್ನು ಉಜ್ಜುಕಾಗದ ತಿಕ್ಕಿದಂತೆ ತಿಕ್ಕಿತ್ತು. ಅಲ್ಲಿ ಗಾಳಿಯಿಲ್ಲ, ಹಾರಿದ ಕಣವನ್ನು ತಡೆಯುವವರಿಲ್ಲ. ಹಾಗಾಗಿ ಒಬ್ಬ ಕೆಲಸ ಮಾಡುವ ಕಡೆ ಇನ್ನೊಬ್ಬ ಹತ್ತಿರ ಇಳಿಯಬಾರದು ಎಂಬ ಎಚ್ಚರಿಕೆ ನ್ಯಾಯವಾದದ್ದೇ. ಆರ್ಟೆಮಿಸ್ ಒಪ್ಪಂದ ಇದಕ್ಕೆ ಸುರಕ್ಷಾ ವಲಯ ಎಂಬ ಏರ್ಪಾಡು ಮಾಡಿದೆ. ಮೊದಲು ಹೋದವನು ತನ್ನ ಸುತ್ತ ವಲಯ ಘೋಷಿಸಬಹುದು, ಉಳಿದವರು ಅದನ್ನು ಗೌರವಿಸಬೇಕು, ಕೆಲಸ ಮುಗಿದ ಮೇಲೆ ಅದು ತೆರವಾಗಬೇಕು. ಗಣಿಯ ಕೆಲಸ ಯಾವಾಗ ಮುಗಿಯುತ್ತದೆ? ನಮ್ಮ ಹಳ್ಳಿಗಳ ಗೋಮಾಳ ಕರಗಿದ ಬಗೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾರೂ ಗೋಮಾಳವನ್ನು ಕೊಂಡುಕೊಳ್ಳಲಿಲ್ಲ. ಮೊದಲು ದನ ಕಟ್ಟಲು ಒಂದು ಗೂಟ, ಆಮೇಲೆ ಮುಳ್ಳುಬೇಲಿ, ಆಮೇಲೆ ಶೆಡ್ಡು, ಕಡೆಗೆ ಸಕ್ರಮದ ಅರ್ಜಿ.

ಬಳ್ಳಾರಿಯ ಮಾತಿಗೆ ಬರೋಣ. ಇದನ್ನು ನಾವಲ್ಲದೆ ಬೇರೆ ಯಾರು ಹೇಳಬೇಕು?

ಹೊಸ ಶತಮಾನದ ಮೊದಲ ದಶಕದಲ್ಲಿ ಚೀನಾದ ಉಕ್ಕಿನ ಹಸಿವು ಕೆರಳಿ ಅದಿರಿನ ಬೆಲೆ ಆಕಾಶಕ್ಕೇರಿದಾಗ ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಲಾರಿಗಳ ಸಾಲು ಹಗಲೂ ರಾತ್ರಿ ಕಡಿಯಲಿಲ್ಲ. ಮರದ ಎಲೆ, ಮನೆಯ ಗೋಡೆ, ಮಕ್ಕಳ ಉಸಿರು ಎಲ್ಲವೂ ಕೆಂಪಾದವು. ಆಗ ಕಾನೂನು ಇರಲಿಲ್ಲವೆ? ಇತ್ತು. 1957ರ ಗಣಿ ಮತ್ತು ಖನಿಜ ಕಾಯ್ದೆ ಇತ್ತು, ಅರಣ್ಯ ಸಂರಕ್ಷಣಾ ಕಾಯ್ದೆ ಇತ್ತು, ಪರ್ಮಿಟ್ಟು ಇತ್ತು, ಚೆಕ್‌ಪೋಸ್ಟು ಇತ್ತು. ಸರ್ಕಾರದ ಬೊಕ್ಕಸಕ್ಕೆ ಸಲ್ಲುವ ರಾಯಧನ ಮಾತ್ರ 2009ರವರೆಗೂ ಟನ್ನಿಗೆ ಹತ್ತಿಪ್ಪತ್ತು ರೂಪಾಯಿಯ ಲೆಕ್ಕದಲ್ಲಿತ್ತು, ಅದಿರು ಸಾವಿರಾರು ರೂಪಾಯಿಗೆ ಹಡಗೇರುತ್ತಿದ್ದಾಗಲೂ. ರಾಯಧನ ಬೆಲೆಯ ಶೇಕಡಾ ಹತ್ತಕ್ಕೆ ಬಂದದ್ದು ಆಮೇಲೆ. ಅಷ್ಟರಲ್ಲಿ ಬೆಟ್ಟ ಹೋಗಿತ್ತು.

ಕರ್ನಾಟಕ ಮತ್ತು ಆಂಧ್ರದ ನಡುವಿನ ಗಡಿ ಗುರುತುಗಳೇ ಗಣಿಯಲ್ಲಿ ಅಳಿಸಿಹೋದದ್ದು ನೆನಪಿದೆಯೆ? ಎರಡು ರಾಜ್ಯಗಳ ಗಡಿ ಎಲ್ಲಿದೆ ಎಂದು ತಿಳಿಯಲು ಸರ್ವೆ ಆಫ್ ಇಂಡಿಯಾ ಮತ್ತೆ ಅಳತೆಗೆ ಇಳಿಯಬೇಕಾಯಿತು. ಗಡಿಯಲ್ಲಿದ್ದ ಸುಗ್ಗಲಮ್ಮ ದೇವಿಯ ಗುಡಿಯನ್ನೂ ಬಿಡಲಿಲ್ಲ. ತಾಲ್ಲೂಕು ಕಚೇರಿ, ಪೊಲೀಸು, ಪತ್ರಿಕೆ, ನ್ಯಾಯಾಲಯ ಎಲ್ಲವೂ ಕೂಗಳತೆಯಲ್ಲಿದ್ದ ನೆಲದಲ್ಲಿ ಇಷ್ಟಾಯಿತು. ಬೇಲೇಕೇರಿ ಬಂದರಿನಲ್ಲಿ ಸರ್ಕಾರವೇ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರು ಮಾಯವಾಯಿತು. ಸೂಜಿಯಲ್ಲ, ಲಕ್ಷಾಂತರ ಟನ್. ಚಂದ್ರನ ಹಿಮ್ಮೈಯಲ್ಲಿ ಗಡಿಕಲ್ಲು ನೆಡುವವರು ಯಾರು, ಪರ್ಮಿಟ್ಟು ನೋಡುವ ಗಾರ್ಡು ಯಾರು?

ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ 2011ರ ಜುಲೈ 27ರಂದು ಸಲ್ಲಿಕೆಯಾಯಿತು. ಬೊಕ್ಕಸಕ್ಕಾದ ನಷ್ಟವನ್ನು ಅದು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಅದಾದ ಎರಡೇ ದಿನಕ್ಕೆ, ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ಗಣಿಗಳನ್ನು ಮೂರು ದರ್ಜೆಯಾಗಿ ವಿಂಗಡಿಸಿ, ಅತಿಕ್ರಮಣದಲ್ಲಿ ಮೇರೆ ಮೀರಿದ್ದವುಗಳ ಗುತ್ತಿಗೆ ರದ್ದುಪಡಿಸಿತು. ವರ್ಷಕ್ಕೆ ಇಷ್ಟೇ ತೆಗೆಯಬೇಕು ಎಂಬ ಮಿತಿ ಬಂತು, ಹರಾಜು ಬಂತು, ಪುನಶ್ಚೇತನ ಯೋಜನೆ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು. ಗಾಯಗೊಂಡ ಹಳ್ಳಿಗಳಿಗೆಂದು ಸಂಗ್ರಹಿಸಿದ ಸಾವಿರಾರು ಕೋಟಿ ರೂಪಾಯಿ ಆಮೇಲೂ ವರ್ಷಗಟ್ಟಲೆ ಬ್ಯಾಂಕಿನಲ್ಲೇ ಕೊಳೆಯಿತು. ಕೋಲಾರದ ಕಥೆ ಇನ್ನೂ ಹಳೆಯದು. ಜಾನ್ ಟೇಲರ್ ಕಂಪನಿ 1880ರ ಸುಮಾರಿಗೆ ಕಾಲಿಟ್ಟ ಚಿನ್ನದ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಚಿನ್ನ ಎಲ್ಲಿಗೋ ಹೋಯಿತು, ಸಯನೈಡ್ ದಿಬ್ಬ ಊರಿಗೆ ಉಳಿಯಿತು.

ಬಳ್ಳಾರಿಯಲ್ಲಿ ಕಡೆಗೂ ಬಾಗಿಲು ಹಾಕಲು ಒಂದು ಸುಪ್ರೀಂ ಕೋರ್ಟು ಇತ್ತು. ಮೇಲೆ ಅದೂ ಇಲ್ಲ.

ಇದು ಸುಮ್ಮನೆ ಹೆದರಿಸುವುದು, ಬಾಹ್ಯಾಕಾಶದಿಂದ ಇಂದಿನವರೆಗೆ ಯಾರೂ ಒಂದು ಟನ್ ಅದಿರನ್ನೂ ತಂದಿಲ್ಲ ಎನ್ನುವವರಿದ್ದಾರೆ. ಅವರ ಮಾತು ನಿಜ. ಜಪಾನಿನ ಹಯಾಬುಸಾ 2 ನೌಕೆ ರ‍್ಯುಗು ಕ್ಷುದ್ರಗ್ರಹದಿಂದ 2020ರಲ್ಲಿ ತಂದದ್ದು 5.4 ಗ್ರಾಂ. ಬೆನ್ನು ಕ್ಷುದ್ರಗ್ರಹದಿಂದ ನಾಸಾ 2023ರಲ್ಲಿ ತಂದದ್ದು 121.6 ಗ್ರಾಂ. ಎರಡಕ್ಕೂ ವರ್ಷಗಟ್ಟಲೆ ಶ್ರಮ, ಕೋಟಿಗಟ್ಟಲೆ ಡಾಲರು. ಪ್ಲಾನೆಟರಿ ರಿಸೋರ್ಸಸ್ ಎಂಬ ಕಂಪನಿ ಕ್ಷುದ್ರಗ್ರಹಗಳನ್ನು ಅಗೆಯುತ್ತೇನೆಂದು 2012ರಲ್ಲಿ ಜಗತ್ತಿಗೆಲ್ಲ ಸಾರಿ, 2018ರಲ್ಲಿ ಒಂದು ಬ್ಲಾಕ್‌ಚೈನ್ ಕಂಪನಿಗೆ ಮಾರಾಟವಾಯಿತು. ಅದರಲ್ಲಿ ದುಡ್ಡು ಹೂಡಿದ್ದ ಲಕ್ಸೆಂಬರ್ಗ್ ಸರ್ಕಾರ ಕೈ ಸುಟ್ಟುಕೊಂಡಿತು. ಆಸ್ಟ್ರೋಫೋರ್ಜ್ 2025ರ ಫೆಬ್ರುವರಿಯಲ್ಲಿ ಹಾರಿಸಿದ ಓಡಿನ್ ನೌಕೆ ಸಂಪರ್ಕ ಕಳೆದುಕೊಂಡು ಎಲ್ಲೋ ಅಲೆಯುತ್ತಿದೆ. ಚಂದ್ರನ ಹೀಲಿಯಂ 3 ಮಾರುತ್ತೇವೆನ್ನುವ ಕಂಪನಿಗೆ ಆಗಲೇ ಗಿರಾಕಿಗಳು ಸಿಕ್ಕಿದ್ದಾರೆ. ಸರಕು ಮಾತ್ರ ಇನ್ನೂ ಚಂದ್ರನಲ್ಲೇ ಇದೆ. ಒಂದು ಗ್ರಾಂ ಹೀಲಿಯಂ 3 ಬೇಕೆಂದರೆ ನೂರು ಟನ್ನಿಗೂ ಹೆಚ್ಚು ಚಂದ್ರಮಣ್ಣನ್ನು ಜಾಲಿಸಬೇಕು. ಅದು ವ್ಯಾಪಾರವಾಗಿ ನಡೆದದ್ದೇ ಆದರೆ ಚಂದ್ರನ ಮುಖವನ್ನೇ ಉತ್ತಂತೆ.

ಆದರೆ ಅವರ ಮಾತು ನಿಜವಾಗಿರುವುದರಿಂದಲೇ ನಾನು ಈಗ ಬರೆಯುತ್ತಿದ್ದೇನೆ. ಗಣಿಯ ಗುತ್ತಿಗೆ ಯಾರ ಕೈಗೂ ಬರುವ ಮೊದಲು, ಕಳೆದುಕೊಳ್ಳಲು ಯಾರಿಗೂ ಏನೂ ಇಲ್ಲದಿರುವಾಗ ಮಾತ್ರ ನ್ಯಾಯದ ನಿಯಮವನ್ನು ಎಲ್ಲರೂ ಒಪ್ಪಿಯಾರು. ಅದಿರು ಬೀಳಲು ಶುರುವಾದ ಮೇಲೆ ಪ್ರತಿ ನಿಯಮಕ್ಕೂ ಒಬ್ಬ ವಕೀಲ, ಪ್ರತಿ ವಕೀಲನ ಹಿಂದೆ ಒಬ್ಬ ಮಂತ್ರಿ. ಬಲ್ಲವರು ಇದನ್ನು ಬಲ್ಲರು. 2020ರಲ್ಲಿ ನಾಸಾ ನಾಲ್ಕು ಕಂಪನಿಗಳಿಂದ ಚಂದ್ರನ ಮಣ್ಣು ಕೊಳ್ಳುವ ಕರಾರು ಮಾಡಿಕೊಂಡಿತು. ಅದರಲ್ಲಿ ಒಂದು ಕಂಪನಿ ಹೇಳಿದ ಬೆಲೆ ಒಂದೇ ಒಂದು ಡಾಲರು. ಮಣ್ಣನ್ನು ಭೂಮಿಗೆ ತರುವುದೂ ಬೇಡ, ಅಲ್ಲೇ ಎತ್ತಿ ಫೋಟೊ ತೆಗೆದು ಒಡೆತನ ವರ್ಗಾಯಿಸಿದರೆ ಸಾಕು. ನಾಸಾಕ್ಕೆ ಒಂದು ಡಾಲರಿನ ಮಣ್ಣು ಏಕೆ? ಆಗಿನ ಆಡಳಿತಾಧಿಕಾರಿ ಜಿಮ್ ಬ್ರೈಡನ್‌ಸ್ಟೈನ್ ಮುಚ್ಚುಮರೆಯಿಲ್ಲದೆ ಹೇಳಿದರು: ಇಂಥ ಮಾರಾಟ ನಡೆಯುತ್ತದೆ ಎಂಬ ಪೂರ್ವನಿದರ್ಶನಕ್ಕಾಗಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ, ಬಾಹ್ಯಾಕಾಶವನ್ನು ಅಮೆರಿಕ ಜಗತ್ತಿನ ಸಾಮುದಾಯಿಕ ಸ್ವತ್ತೆಂದು ಕಾಣುವುದಿಲ್ಲ ಎಂದು ಸಾರಿತ್ತು. ಗುದ್ದಲಿ ಇನ್ನೂ ಬಿದ್ದಿಲ್ಲ, ಪಹಣಿ ಆಗಲೇ ಬರೆಯಲಾಗುತ್ತಿದೆ.

ಬೇರೆ ದಾರಿಯೇ ಇಲ್ಲವೆ? ಇದೆ. ಆ ದಾರಿಯಲ್ಲಿ ಭಾರತ ಒಮ್ಮೆ ನಡೆದೂ ಇದೆ.

ಬಾಹ್ಯಾಕಾಶ ಒಡಂಬಡಿಕೆ ಆದ ವರ್ಷವೇ, 1967ರ ನವೆಂಬರ್ 1ರಂದು, ಪುಟ್ಟ ದ್ವೀಪರಾಷ್ಟ್ರ ಮಾಲ್ಟಾದ ರಾಯಭಾರಿ ಆರ್ವಿಡ್ ಪಾರ್ಡೊ ವಿಶ್ವಸಂಸ್ಥೆಯಲ್ಲಿ ಎದ್ದುನಿಂತು ಗಂಟೆಗಟ್ಟಲೆ ಮಾತನಾಡಿದರು. ಸಾಗರತಳದ ಸಂಪತ್ತು ಮನುಕುಲದ ಸಮಾನ ಸ್ವತ್ತಾಗಬೇಕು, ಇಲ್ಲವಾದರೆ ತಂತ್ರಜ್ಞಾನವಿರುವ ನಾಲ್ಕು ದೇಶಗಳು ಅದನ್ನು ನುಂಗುತ್ತವೆ ಎಂಬುದು ಅವರ ವಾದ. ಹದಿನೈದು ವರ್ಷಗಳ ಜಗ್ಗಾಟದ ನಂತರ 1982ರ ಸಮುದ್ರ ಕಾನೂನು ಒಡಂಬಡಿಕೆ ಹುಟ್ಟಿತು. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರ ಕಣ್ಣು ಬಿಟ್ಟಿತು. ಅದರ ಒಂದು ನಿಯಮ ನನಗೆ ತುಂಬ ಇಷ್ಟ. ಗಣಿಗಾರಿಕೆಗೆ ಅರ್ಜಿ ಹಾಕುವವರು ಸಮಾನ ಬೆಲೆಬಾಳುವ ಎರಡು ಭಾಗಗಳನ್ನು ಹುಡುಕಿ ತೋರಿಸಬೇಕು. ಪ್ರಾಧಿಕಾರ ಒಂದನ್ನು ಅರ್ಜಿದಾರನಿಗೆ ಕೊಟ್ಟು, ಇನ್ನೊಂದನ್ನು ಮುಂದೆ ಬರುವ ಬಡ ದೇಶಗಳಿಗೆಂದು ಕಾದಿಡುತ್ತದೆ. ಪಾಲು ಮಾಡುವವನು ಒಬ್ಬ, ಆರಿಸುವವನು ಇನ್ನೊಬ್ಬ. ಅಣ್ಣತಮ್ಮಂದಿರ ಆಸ್ತಿ ಪಾಲಿಗೆ ಕೂತ ಹಿರಿಯರು ಮೆಚ್ಚುವಂಥ ಜಾಣ್ಮೆ ಇದರಲ್ಲಿದೆ.

ಆ ವ್ಯವಸ್ಥೆಯಲ್ಲಿ ಮೊಟ್ಟಮೊದಲ ಹೂಡಿಕೆದಾರನಾಗಿ 1987ರಲ್ಲಿ ನೋಂದಾಯಿಸಿಕೊಂಡ ದೇಶ ಭಾರತ. ಹಿಂದೂ ಮಹಾಸಾಗರದ ನಡುವೆ ಒಂದೂವರೆ ಲಕ್ಷ ಚದರ ಕಿಲೋಮೀಟರ್ ತಳ ನಮಗೆ ಸಿಕ್ಕಿತು. ಶೋಧನೆ ಮಾಡುತ್ತ ಮಾಡುತ್ತ, ನಿಯಮದಂತೆ ಅದರ ಅರ್ಧವನ್ನು ಬಿಟ್ಟುಕೊಟ್ಟು 75,000 ಚದರ ಕಿಲೋಮೀಟರನ್ನು ಉಳಿಸಿಕೊಂಡೆವು. ನಾವೇನೂ ಬಡವಾಗಲಿಲ್ಲ. ಸಾಗರತಳದ ಪ್ರಾಧಿಕಾರ ಪರಿಪೂರ್ಣ ಎನ್ನುತ್ತಿಲ್ಲ. ನಿಧಾನ, ಗುಟ್ಟು, ಗುತ್ತಿಗೆದಾರರ ಒತ್ತಡ ಎಂಬ ದೂರುಗಳು ಬೇಕಾದಷ್ಟಿವೆ. ಅಮೆರಿಕ ಅದರೊಳಗೆ ಬರಲೇ ಇಲ್ಲ, 2025ರ ಏಪ್ರಿಲ್‌ನಲ್ಲಿ ತನ್ನದೇ ಆದೇಶ ಹೊರಡಿಸಿ ಅದನ್ನು ಬದಿಗೊತ್ತಲು ಹೊರಟಿತು. ಆದರೂ ಒಂದು ವಿಷಯ ಗಟ್ಟಿ: ಎಲ್ಲರಿಗೂ ಸೇರಿದ ಸ್ವತ್ತನ್ನು ಎಲ್ಲರೂ ಕೂತು ಹಂಚಿಕೊಳ್ಳುವ ಏರ್ಪಾಡು ಕನಸಲ್ಲ. ಅಂಟಾರ್ಕ್ಟಿಕಾ ಇನ್ನೂ ಸರಳ. 1991ರ ಮ್ಯಾಡ್ರಿಡ್ ಒಪ್ಪಂದ ಅಲ್ಲಿ ಗಣಿಗಾರಿಕೆಯನ್ನೇ ನಿಷೇಧಿಸಿತು, ನಾವೂ ಅದರ ಭಾಗ.

ಹಾಗಿದ್ದರೆ ಚಂದ್ರನ ವಿಷಯದಲ್ಲಿ ನಮ್ಮ ದನಿ ಏಕೆ ಬದಲಾಯಿತು? ಉತ್ತರ ಮುಜುಗರದ್ದು. ಅಂದು ನಮಗೆ ಚಂದ್ರನವರೆಗೆ ಹೋಗಲು ಬರುತ್ತಿರಲಿಲ್ಲ, ಹಾಗಾಗಿ ಸಮಪಾಲಿನ ಮಾತು ಸಿಹಿಯಾಗಿತ್ತು. ಈಗ ಹೋಗಲು ಬರುತ್ತದೆ, ಮೊದಲು ಹೋದವನಿಗೇ ಹಕ್ಕು ಎಂಬ ಮಾತು ರುಚಿಸತೊಡಗಿದೆ. ಇಲ್ಲದಿದ್ದಾಗ ಒಂದು ನ್ಯಾಯ, ಉಳ್ಳವರಾದಾಗ ಒಂದು ನ್ಯಾಯ. ಗೇಣಿದಾರ ಜಮೀನ್ದಾರನಾದ ದಿನವೇ ಗೇಣಿ ಹೆಚ್ಚಿಸಿದರೆ ಅವನನ್ನು ನಾವು ಏನೆಂದು ಕರೆಯುತ್ತೇವೆ? ಸಮುದಾಯದ ಭೌತಿಕ ಸಂಪತ್ತಿನ ಒಡೆತನ ಮತ್ತು ನಿಯಂತ್ರಣ ಎಲ್ಲರ ಹಿತಕ್ಕೆ ಒದಗುವಂತೆ ಹಂಚಿಕೆಯಾಗಬೇಕು ಎಂದು ಸಂವಿಧಾನದ 39ನೇ ವಿಧಿ ಹೇಳುತ್ತದೆ. ಆ ಮಾತು ನಮ್ಮ ನೆಲಕ್ಕೆ ಬರೆದದ್ದು, ಒಪ್ಪುತ್ತೇನೆ. ಆದರೆ ಮನೆಯೊಳಗೆ ಹಂಚಿ ತಿನ್ನಬೇಕೆಂದು ಮಕ್ಕಳಿಗೆ ಕಲಿಸಿ ಬೀದಿಯಲ್ಲಿ ಕಸಿದು ತಿನ್ನುವ ಹಿರಿಯನ ಮಾತನ್ನು ಯಾರು ಕೇಳಿಯಾರು?

ಬೆಂಗಳೂರಿಗೆ ಇದರಲ್ಲಿ ವಿಶೇಷ ಹೊಣೆಯಿದೆ. ಚಂದ್ರನಲ್ಲಿ ನೀರಿನ ಸುಳಿವು ಹಿಡಿದದ್ದು 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ 1, ಅದರ ಮೇಲಿದ್ದ ನಾಸಾದ ಉಪಕರಣ. ಅದರ ಮಾತನ್ನು ಆಲಿಸಿದ್ದು ಬ್ಯಾಲಾಳು ಗ್ರಾಮದ ಬಳಿಯ 32 ಮೀಟರಿನ ಆ್ಯಂಟೆನಾ. 2009ರ ಸೆಪ್ಟೆಂಬರಿನಲ್ಲಿ ಆ ಸುದ್ದಿ ಹೊರಬಿದ್ದ ಮೇಲೆಯೇ ಧ್ರುವದ ಕಡೆಗಿನ ಓಟ ಬಿರುಸಾದದ್ದು. ಅಮೂಲ್ಯ ನಿಧಿ ಎಲ್ಲಿದೆಯೆಂದು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ನಾವೂ ಇದ್ದೇವೆ. ಅದನ್ನು ಕಾಯುವ ಮಾತು ಬಂದಾಗ ನಾವಲ್ಲ ಎನ್ನಲಾಗದು. ಬೆಂಗಳೂರಿನ ಟೀಮ್ ಇಂಡಸ್, ಗೂಗಲ್ ಲೂನಾರ್ ಎಕ್ಸ್ ಪ್ರೈಜ್ ಸ್ಪರ್ಧೆಗಾಗಿ ಚಂದ್ರನೌಕೆಯನ್ನೇ ಕಟ್ಟಲು ಹೊರಟಿತ್ತು. ಹಾರಲಿಲ್ಲ, ಆದರೆ ಈ ಊರಿನ ಹುಡುಗ ಹುಡುಗಿಯರಿಗೆ ಅದು ಕೈಗೆಟುಕದ ಮಾತಲ್ಲ ಎಂಬುದಂತೂ ಖಚಿತವಾಯಿತು. ರಾಮನ್ ಸಂಶೋಧನಾ ಸಂಸ್ಥೆಯ ಪ್ರತುಷ್ ಯೋಜನೆ, ಚಂದ್ರನ ಹಿಮ್ಮೈಯ ನಿಶ್ಶಬ್ದದಲ್ಲಿ ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಕ್ಷೀಣ ರೇಡಿಯೊ ದನಿಯನ್ನು ಆಲಿಸುವ ಆಸೆ ಹೊತ್ತಿದೆ. ಭೂಮಿಯ ಗದ್ದಲ ಮುಟ್ಟದ ಜಾಗ ಅದೊಂದೇ. ಅಲ್ಲಿ ನೂರು ಯಂತ್ರಗಳು ರೇಡಿಯೊದಲ್ಲಿ ಹರಟತೊಡಗಿದರೆ ಆ ದನಿಯನ್ನು ಎಲ್ಲಿ ಹೋಗಿ ಕೇಳುವುದು?

ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಬಾಹ್ಯಾಕಾಶ ವಿಜ್ಞಾನಿ ಯು.ಆರ್. ರಾವ್ 1997ರಿಂದ ಮೂರು ವರ್ಷ ವಿಶ್ವಸಂಸ್ಥೆಯ ಬಾಹ್ಯಾಕಾಶ ಶಾಂತಿ ಬಳಕೆ ಸಮಿತಿಯ ಅಧ್ಯಕ್ಷರಾಗಿದ್ದರು. ಅದೇ ಸಮಿತಿಯ ಕಾನೂನು ಉಪಸಮಿತಿ 2021ರಲ್ಲಿ ಬಾಹ್ಯಾಕಾಶ ಸಂಪನ್ಮೂಲಗಳ ಕುರಿತು ಒಂದು ಕಾರ್ಯತಂಡ ರಚಿಸಿದೆ. ತತ್ವಗಳ ಒಂದು ಕರಡನ್ನು ಅದು ಸಿದ್ಧಪಡಿಸಿ ಮುಂದಿಡಬೇಕಾದ ಗಡುವು 2027. ವಿಯೆನ್ನಾದ ಆ ಕೋಣೆಯಲ್ಲಿ ಭಾರತ ಏನು ಹೇಳುತ್ತಿದೆ ಎಂಬುದು ಕನ್ನಡದ ಯಾವ ಪತ್ರಿಕೆಯಲ್ಲೂ ಚರ್ಚೆಯಾಗುವುದನ್ನು ನಾನು ಕಂಡಿಲ್ಲ. ಉಡಾವಣೆಯ ನೇರಪ್ರಸಾರಕ್ಕೆ ದಿನವಿಡೀ ಜಾಗ ಕೊಡುವ ನಮ್ಮ ಚಾನೆಲ್ಲುಗಳು ಇದಕ್ಕೆ ಅರ್ಧ ಗಂಟೆ ಕೊಟ್ಟರೆ ತಪ್ಪೇನಿಲ್ಲ.

ಖಗೋಳವಿಜ್ಞಾನಿ ಮಾರ್ಟಿನ್ ಎಲ್ವಿಸ್ ಮತ್ತು ತತ್ವಶಾಸ್ತ್ರಜ್ಞ ಟೋನಿ ಮಿಲಿಗನ್ 2019ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಸೌರವ್ಯೂಹದಲ್ಲಿ ಬಳಸಬಹುದಾದ ಸಂಪತ್ತಿನ ಎಂಟನೆಯ ಒಂದು ಭಾಗಕ್ಕಿಂತ ಹೆಚ್ಚು ಮುಟ್ಟಬಾರದು, ಉಳಿದದ್ದು ಕಾಡಾಗಿಯೇ ಇರಲಿ ಎಂಬುದು ಅವರ ಸಲಹೆ. ಬಳಕೆ ವರ್ಷಕ್ಕೆ ಶೇಕಡಾ 3.5ರಂತೆ ಬೆಳೆದರೆ ಆ ಎಂಟನೆಯ ಭಾಗ ಮುಗಿಯಲು ಸುಮಾರು 400 ವರ್ಷ ಬೇಕು. ಆಮೇಲಿನ ಏಳು ಭಾಗ ಮುಗಿಯಲು ಕೇವಲ 60 ವರ್ಷ. ಇಪ್ಪತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುವ ಹಸಿವಿನ ಮುಂದೆ ಸೌರವ್ಯೂಹವೂ ಸಣ್ಣದು. ನಾನೂರು ವರ್ಷ ಎಂದರೆ ನಗು ಬರುತ್ತದೆ ಎಂದು ಗೊತ್ತು. ವಿಜಯನಗರದವರು ಕಟ್ಟಿಸಿದ ಕೆರೆಗಳಿಂದ ಇಂದಿಗೂ ಗದ್ದೆಗೆ ನೀರು ಹಾಯಿಸುವ ಜನ ನಾವು. ನಾನೂರು ವರ್ಷ ನಮಗೆ ಅಷ್ಟು ದೂರವಾಗಬಾರದು.

ಆದ್ದರಿಂದ ನೇರವಾಗಿ ಕೇಳುತ್ತೇನೆ. ಲೋಕಸಭೆಯಲ್ಲಿ ಕರ್ನಾಟಕಕ್ಕೆ 28 ಸ್ಥಾನಗಳಿವೆ. ಅವುಗಳಲ್ಲಿ ಕೂತಿರುವವರೇ, ಬಾಹ್ಯಾಕಾಶ ಮಸೂದೆ ಎಲ್ಲಿದೆ ಎಂದು ನಿಮ್ಮಲ್ಲಿ ಒಬ್ಬರಾದರೂ ಪಟ್ಟು ಹಿಡಿದು ಕೇಳಿ. 1967ರ ಒಡಂಬಡಿಕೆಯ ಆರನೆಯ ವಿಧಿಯ ಪ್ರಕಾರ ನಮ್ಮ ಖಾಸಗಿ ಕಂಪನಿ ಮೇಲೆ ಮಾಡುವ ಪ್ರತಿಯೊಂದಕ್ಕೂ ಜಗತ್ತಿನ ಮುಂದೆ ಉತ್ತರ ಹೇಳಬೇಕಾದ್ದು ಭಾರತ ಸರ್ಕಾರ. ತಪ್ಪು ಕಂಪನಿಯದು, ಹೊಣೆ ನಮ್ಮ ನಿಮ್ಮ ತೆರಿಗೆಯದು. ಆ ಐದು ಹಕ್ಕುಗಳ ಎದುರಿಗೆ ಕರ್ತವ್ಯಗಳನ್ನೂ ಕಾಯ್ದೆಯಲ್ಲೇ ಬರೆಯಿರಿ: ಎಲ್ಲಿ ಅಗೆಯುತ್ತೇವೆಂದು ಮೊದಲೇ ಜಗತ್ತಿಗೆ ತಿಳಿಸುವುದು, ಎಷ್ಟು ತೆಗೆದೆವೆಂಬ ಲೆಕ್ಕ ಎಲ್ಲರಿಗೂ ತೆರೆದಿಡುವುದು, ವಿಜ್ಞಾನಕ್ಕೆ ಮೀಸಲಾದ ಜಾಗಕ್ಕೆ ಕಾಲಿಡದಿರುವುದು, ಸುರಕ್ಷಾ ವಲಯಕ್ಕೆ ವರ್ಷಗಳ ಗಡಿ ಇರುವುದು, ಲಾಭದಲ್ಲಿ ಒಂದು ಪಾಲು ಸಾಮುದಾಯಿಕ ನಿಧಿಗೆ ಸಲ್ಲುವುದು. 1982ರ ಸಹಿಯನ್ನು ಕಡತದಿಂದ ಹೊರತೆಗೆಯಿರಿ. ಆ ಒಪ್ಪಂದ ಇದ್ದಂತೆಯೇ ಬೇಡವೆಂದರೆ ಸಾಗರತಳದ ಅನುಭವವನ್ನು ಹೊತ್ತು ವಿಯೆನ್ನಾಕ್ಕೆ ಹೋಗಿ, ಎರಡು ಪಾಲಿನ ನಿಯಮವನ್ನು ಭಾರತವೇ ಮಂಡಿಸಲಿ. ಆರ್ಟೆಮಿಸ್ ಬಳಗದ ಒಳಗಿದ್ದುಕೊಂಡೇ ಹೇಳಬಹುದಾದ ಮಾತಿದು. ಐವತ್ತಕ್ಕೂ ಹೆಚ್ಚು ದೇಶಗಳಿರುವ ಆ ಬಳಗದಲ್ಲಿ ನಮ್ಮಂತೆಯೇ ಯೋಚಿಸುವ ದೇಶ ಒಂದೂ ಇರದೆ? ಇಸ್ರೊದ ಎಂಜಿನಿಯರುಗಳೇ, ಸ್ಟಾರ್ಟಪ್‌ಗಳಲ್ಲಿ ರಾತ್ರಿ ಹಗಲು ದುಡಿಯುವವರೇ, ನಾಗರಬಾವಿಯ ಕಾನೂನು ವಿದ್ಯಾರ್ಥಿಗಳೇ, ಈ ಮಾತು ನಿಮ್ಮ ಬಾಯಿಂದ ಬಂದರೆ ಅದಕ್ಕಿರುವ ತೂಕ ಬೇರೆ.

ಮಸೂದೆ ಸಂಸತ್ತಿಗೆ ಬಂದು, ಅದನ್ನು ಪರಿಶೀಲಿಸಲು ಸ್ಥಾಯಿ ಸಮಿತಿ ಕೂತರೆ, ಅದರ ಒಂದು ಸಭೆಯಾದರೂ ಸಂಡೂರಿನಲ್ಲಿ ನಡೆಯಲಿ. ಸದಸ್ಯರು ಹೊಸಪೇಟೆಯವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ರಸ್ತೆಯಲ್ಲಿ ಹೋಗಲಿ. ಗಣಿ ಕಂಪನಿಗಳ ವಕೀಲರಿಗೆ ಎಷ್ಟು ಹೊತ್ತು ಕೊಡುತ್ತಾರೋ ಅಷ್ಟೇ ಹೊತ್ತನ್ನು ಅಲ್ಲಿಯ ರೈತರಿಗೆ, ಲಾರಿ ಓಡಿಸಿದವರಿಗೆ, ದೂಳು ಕುಡಿದು ಬೆಳೆದು ಈಗ ಕಾಲೇಜು ಮೆಟ್ಟಿಲು ಹತ್ತಿರುವ ಮಕ್ಕಳಿಗೆ ಕೊಡಲಿ. ಗುತ್ತಿಗೆ ಕೊಡುವ ಮೊದಲು ಕಾಗದದಲ್ಲಿ ಏನೇನು ಬರೆಯಬೇಕಿತ್ತು ಎಂದು ಅವರನ್ನು ಕೇಳಿ, ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಲಿ.